ಆದಿಲಕ್ಷ್ಮಮ್ಮ ತೊಳೆದ ಮೂತಿ

ಬಂಗಾರಪೇಟೆಯ ಛತ್ರಗಳಲ್ಲಿ ಮೂವತ್ತೆರಡು ವರ್ಷ ಪಾತ್ರೆ ತೊಳೆದ ಆದಿಲಕ್ಷ್ಮಮ್ಮನಿಗೆ ಲೋಕದಲ್ಲಿ ಎರಡೇ ಬಗೆಯ ವಸ್ತುಗಳು ಕಾಣುತ್ತಿದ್ದವು: ತೊಳೆದದ್ದು, ಇನ್ನೂ ತೊಳೆಯದೆ ಇರುವುದು. ಮೂರನೆಯದೊಂದಿದೆ ಎಂದು ಯಾರಾದರೂ ಹೇಳಿದರೆ ಆಕೆ ವಾದ ಮಾಡುತ್ತಿರಲಿಲ್ಲ. ಅವರು ಅತ್ತ ಹೋದ ಮೇಲೆ ಅದನ್ನೂ ತೊಳೆದಿಡುತ್ತಿದ್ದಳು.

ಹೀಗೆ ಟೀವಿಯ ರಿಮೋಟು ಒಮ್ಮೆ ತೊಳೆಸಿಕೊಂಡಿತ್ತು. ಮಗ ಗೋಪಿಯ ಹತ್ತನೇ ಕ್ಲಾಸಿನ ಅಂಕಪಟ್ಟಿಯ ಮೇಲೆ ಸಾರು ಚೆಲ್ಲಿದೆ ಎಂದು ಅದನ್ನು ಸೋಪಿನ ನೀರಿನಲ್ಲಿ ಅದ್ದಿ ತೆಗೆದಿದ್ದಳು. ಸಾರೂ ಹೋಯಿತು, ಅಂಕಗಳೂ ಹೋದವು. ಗೋಪಿಗೆ ಅದರಿಂದ ನಷ್ಟವೇನೂ ಆಗಲಿಲ್ಲ, ಅವನ ಅಂಕಗಳು ಹಾಗಿದ್ದವು. ಅವನು ಹಾಲಿನ ಡೈರಿಯಲ್ಲಿ ಕೆಲಸಕ್ಕೆ ಸೇರಿಕೊಂಡ. ಅಲ್ಲಿ ಅಂಕ ಕೇಳಿದ್ದು ಹಾಲಿಗೆ ಮಾತ್ರ.

ಛತ್ರದಲ್ಲಿ ಆಕೆಯ ಹೆಸರೇ ಬೇರೆ. ಐನೂರು ಜನರ ಸಾರು ಕುದಿದ ಕೊಳದಪ್ಪಲೆಯ ತಳಕ್ಕೆ ಕೈ ಎಟುಕದಿದ್ದರೆ ಸೀರೆ ಎತ್ತಿ ಕಟ್ಟಿ ತಾನೇ ಒಳಗಿಳಿದು ಉಜ್ಜುತ್ತಿದ್ದಳು. ಹೊರಗಿನಿಂದ ನೋಡಿದವರಿಗೆ ಪಾತ್ರೆಯೊಳಗಿಂದ ತಲೆಯೊಂದು ಮಾತಾಡುವುದು ಕಾಣುತ್ತಿತ್ತು. ಮದುವೆ ಗೊತ್ತುಮಾಡಲು ಬಂದವರು ದಿನ ಕೇಳುವ ಮೊದಲು ‘ಪಾತ್ರೆಗೆ ಆದಿಲಕ್ಷ್ಮಮ್ಮ ಬತ್ತಾರಾ?’ ಎಂದು ಕೇಳಿದ್ದೂ ಉಂಟು. ಆಕೆ ತೊಳೆದದ್ದು ಯಾವುದೂ ಕೆಟ್ಟಿಲ್ಲ ಎಂಬ ಮಾತು ಊರಲ್ಲಿ ನಿಂತುಹೋಗಿತ್ತು. ರಿಮೋಟನ್ನೂ ಅಂಕಪಟ್ಟಿಯನ್ನೂ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಐವತ್ತೆಂಟಕ್ಕೆ ಮಂಡಿ ಕೈಕೊಟ್ಟಿತು. ಕೊಳದಪ್ಪಲೆಗೆ ಇಳಿಯಬಹುದು, ಹತ್ತಿ ಬರುವುದು ಆಗುತ್ತಿರಲಿಲ್ಲ. ಆಕೆ ಛತ್ರ ಬಿಟ್ಟು ಮನೆಯಲ್ಲಿ ಉಳಿದಳು. ಅಂದಿನಿಂದ ಛತ್ರಕ್ಕೆ ಸಲ್ಲಬೇಕಾದ ಕೈಬಲವೆಲ್ಲ ಮೂರು ಜನರ ಮನೆಯ ಪಾತ್ರೆಗೆ ಬಿತ್ತು. ಲೋಟಗಳು ತೆಳ್ಳಗಾದವು.

ಸೊಸೆ ಕವಿತ ಎಂಟು ವರ್ಷ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಹೋಟೆಲೊಂದರ ಅಡುಗೆಮನೆಯಲ್ಲಿ ದುಡಿದವಳು. ಆ ಹೋಟೆಲು ಮುಚ್ಚಿ ಸಾಮಾನು ಮಾರುವಾಗ ಅವಳು ಹಿಟ್ಟು ಕಲಸುವ ದೊಡ್ಡ ಮಿಷನ್ನೊಂದನ್ನು ಕೊಂಡು ತಂದಳು. ಅದರ ಮುಂದುಗಡೆಯ ತೂತಿಗೆ ಸಿಕ್ಕಿಸುವ ಪಾಸ್ತಾ ಅಟ್ಯಾಚ್‌ಮೆಂಟೂ ಜೊತೆಗೆ ಬಂತು. ಮೊಳದಷ್ಟು ಉದ್ದ, ಇಟ್ಟಿಗೆಯಷ್ಟು ಭಾರ, ಒಳಗೆ ಎರಡು ಉಕ್ಕಿನ ಉರುಳೆ, ತುದಿಯಲ್ಲಿ ದಪ್ಪ ತೆಳು ಮಾಡುವ ತಿರುಪು. ಕಬ್ಬಿನ ಹಾಲು ತೆಗೆಯುವ ಗಾಣದ ಮರಿಯಂತಿತ್ತು. ಮಿಷನ್ನಿನ ಮುಂದೆ ಚಾಚಿಕೊಂಡಿದ್ದರಿಂದ ಆದಿಲಕ್ಷ್ಮಮ್ಮ ಅದನ್ನು ‘ಮೂತಿ’ ಎಂದಳು. ಮನೆಯವರಿಗೆಲ್ಲ ಅದೇ ರೂಢಿಯಾಯಿತು. ಕವಿತ ಸಂಜೆ ಹಿಟ್ಟು ಕಲಸಿ, ಮೂತಿಗೆ ಕೊಟ್ಟು, ಹಿಟ್ಟಿನ ಹಾಳೆ ತೆಗೆದು, ಪಾಸ್ತಾ ಕತ್ತರಿಸಿ ಡಬ್ಬಕ್ಕೆ ತುಂಬುವಳು. ಬೆಳಿಗ್ಗೆ ರೈಲಿನಲ್ಲಿ ಒಯ್ದು ಬೆಂಗಳೂರಿನ ಮೂರು ಹೋಟೆಲಿಗೆ ಹಾಕಿ ಮಧ್ಯಾಹ್ನ ಒಂದಕ್ಕೆ ಮನೆಗೆ ಬರುವಳು. ಇನ್ನೊಬ್ಬರ ಅಡುಗೆಮನೆಯಲ್ಲಿ ಬೈಸಿಕೊಂಡು ನಿಲ್ಲುವುದು ಅವಳಿಗೆ ಆ ಮೂತಿಯಿಂದ ತಪ್ಪಿತ್ತು.

ಮೂತಿ ತಂದ ದಿನವೇ ಅವಳು ಅತ್ತೆಯನ್ನು ಕೂರಿಸಿಕೊಂಡು ಹೇಳಿದಳು.

"ಅತ್ತೆ, ಮನೇಲಿ ಏನ್ ಬೇಕಾದ್ರೂ ತೊಳೀರಿ. ಇದ್ಕೆ ಮಾತ್ರ ನೀರು ಸೋಕಿಸ್ಬೇಡಿ."

"ತೊಳೀದೆ ಎಂಗಮ್ಮ ಕ್ಲೀನಾಗ್ತದೆ?"

"ಒಂದು ಗಂಟೆ ಒಣಗಾಕ್ತೀನಿ. ಒಣಗಿದ್ ಇಟ್ಟನ್ನ ಬ್ರಷ್ ಆಕಿ ಉದುರಿಸ್ತೀನಿ. ಅಷ್ಟೇ."

"ಅಷ್ಟೇನಾ?"

"ಅಷ್ಟೇ ಅತ್ತೆ."

ಆದಿಲಕ್ಷ್ಮಮ್ಮ ತಲೆಯಾಡಿಸಿದಳು. ಒಪ್ಪಿದ್ದಕ್ಕಲ್ಲ, ಮರುಕಕ್ಕೆ. ಹಿಟ್ಟಿಗೆ ನೀರು ಬಿತ್ತೋ, ಅದು ಮುಟ್ಟಿದ್ದೆಲ್ಲ ಮುಸುರೆ. ಮುಸುರೆಗೆ ಮದ್ದು ನೀರೊಂದೇ. ಇದು ಆಕೆಗೆ ತಾಯಿ ಹೇಳಿದ್ದು, ತಾಯಿಗೆ ಅವರ ತಾಯಿ ಹೇಳಿದ್ದು. ಆ ಸಾಲಿನಲ್ಲಿ ಯಾರೂ ಪಾಸ್ತಾ ಮಿಷನ್ನು ಕಂಡವರಲ್ಲ, ಅದು ಬೇರೆ ಮಾತು.

ಒಂದು ವರ್ಷ ಎರಡು ತಿಂಗಳು ಆಕೆ ಸಹಿಸಿಕೊಂಡಳು. ಪ್ರತಿ ಸಂಜೆ ಕವಿತ ಮೂತಿಯನ್ನು ಬಟ್ಟೆಯ ಮೇಲೆ ಮಲಗಿಸಿ, ಬ್ರಷ್ಷಿನಿಂದ ಉಜ್ಜಿ, ಅಂಗೈಯಲ್ಲಿ ಎರಡೇಟು ತಟ್ಟಿ, ಸಂದಿಯಲ್ಲಿ ಉಳಿದದ್ದನ್ನು ಬಿದಿರುಕಡ್ಡಿಯಿಂದ ಕೆದಕಿ ತೆಗೆಯುವುದನ್ನು ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದಳು. ಅಷ್ಟೂ ಹೊತ್ತು ಆಕೆಯ ಬಲಗೈ ಮಡಿಲಲ್ಲಿ ತನ್ನಷ್ಟಕ್ಕೆ ತಾನೇ ತಿರುಗುತ್ತಿತ್ತು.

ಶ್ರಾವಣದ ಮೊದಲ ಶುಕ್ರವಾರ ಬಂತು. ಮನೆಯೆಲ್ಲ ತೊಳೆದಾಗಿತ್ತು, ಬಾಗಿಲು ತೊಳೆದಾಗಿತ್ತು, ಬಾಗಿಲ ಚಿಲಕ ತೊಳೆದಾಗಿತ್ತು. ಮನೆಯೊಳಗೆ ಹದಿನಾಲ್ಕು ತಿಂಗಳ ಮುಸುರೆ ಇಟ್ಟುಕೊಂಡು ಲಕ್ಷ್ಮಿಗೆ ದೀಪ ಹಚ್ಚುವುದು ಹೇಗೆ? ಕವಿತ ಡಬ್ಬ ಹೊತ್ತು ರೈಲಿಗೆ ಹೋಗಿದ್ದಳು. ಆದಿಲಕ್ಷ್ಮಮ್ಮ ನೀರು ಕಾಯಿಸಿದಳು. ಮೂತಿಯನ್ನು ಒಂದು ಗಂಟೆ ನೆನೆಹಾಕಿ, ಸೀಗೆಪುಡಿ ಹಾಕಿ, ತೆಂಗಿನ ನಾರಿನಿಂದ ಉಜ್ಜಿ, ಮೂರು ನೀರಿನಲ್ಲಿ ಜಾಲಿಸಿ ಬಿಸಿಲಿಗಿಟ್ಟಳು. ಹೊಳೆಯಿತು. ಮನಸ್ಸು ಎಷ್ಟು ಹಗುರವಾಯಿತೆಂದರೆ ಸಂಜೆ ಆರತಿ ಎತ್ತುವಾಗ ಕಣ್ಣಲ್ಲಿ ನೀರು ಬಂತು. ಹಬ್ಬದ ದಿನ ಹಿಟ್ಟು ಕಲಸುವ ಕೆಲಸವಿರಲಿಲ್ಲ, ಹೀಗಾಗಿ ಅಂದು ಯಾರಿಗೂ ಏನೂ ತಿಳಿಯಲಿಲ್ಲ.

ಮರುದಿನ ಸಂಜೆ ಕವಿತ ಮೂತಿ ಸಿಕ್ಕಿಸಿ ಗುಂಡಿ ಒತ್ತಿದಳು. ಒಳಗೆ ಕರ್ರ್ ಎಂದಿತು. ಹಿಟ್ಟಿನ ಹಾಳೆ ಒಂದು ಗೇಣು ಬಂತು, ಅದರ ಅಂಚಿನಲ್ಲಿ ಕಂದು ಗೆರೆ. ಆಮೇಲೆ ಉರುಳೆ ನಿಂತೇಹೋಯಿತು. ಕವಿತ ಮೂತಿಯನ್ನು ಬಿಚ್ಚಿ, ತಿರುಗಿಸಿ, ಮೂಗಿನ ಹತ್ತಿರ ಹಿಡಿದು ನೋಡಿದಳು. ಎರಡು ಹೋಟೆಲಿಗೆ ಫೋನು ಮಾಡಿ ಬರುವುದಿಲ್ಲವೆಂದಳು. ಮೂರನೆಯದಕ್ಕೆ ಲಟ್ಟಣಿಗೆ ಹಿಡಿದು ಕೂತಳು. ನಾಲ್ಕು ಗಂಟೆ ಲಟ್ಟಿಸಿದಳು. ಏಳುವಾಗ ಮಣಿಕಟ್ಟು ಊದಿತ್ತು.

ಮಾರನೆಯ ದಿನ ಅಡುಗೆಮನೆಯ ಗೋಡೆಗೆ ಒಂದು ಚೀಟಿ ಅಂಟಿತು. ‘ಮಿಷನ್ನಿಗೆ ನೀರು ಹಾಕಬಾರದು.’ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆದಿಲಕ್ಷ್ಮಮ್ಮ ಅದನ್ನು ಅಕ್ಷರ ಕೂಡಿಸಿ ಓದಿ ಕೇಳಿದಳು.

"ಯಾರಿಗಮ್ಮ ಬರ್ದಿರೋದು ಇದು? ಈ ಮನೇಲಿ ನೀರ್ ಆಕೋರು ಯಾರವ್ರೆ?"

"ನಿಮ್ಮಗನಿಗೆ ಅತ್ತೆ," ಎಂದಳು ಕವಿತ.

ಗೋಪಿ ನೀರು ಕುಡಿಯಲು ಕೂಡ ಅಡುಗೆಮನೆಗೆ ಹೋದವನಲ್ಲ. ಆದರೂ ಅವನನ್ನು ಕರೆದು ಚೀಟಿ ತೋರಿಸಲಾಯಿತು. ಅವನು ಆಗಲಿ ಎಂದ.

ಕವಿತ ಮೂತಿಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟಳು. ಅಂಗಡಿಯಲ್ಲಿ ಕೇಳಿದ್ದಕ್ಕೆ ರಿಪೇರಿ ಇಲ್ಲ, ಹೊಸದೇ ಕೊಳ್ಳಬೇಕು ಎಂದಿದ್ದರು. ಹೊಸದು ಕೊಳ್ಳುವ ಮಾತು ಆ ಮನೆಯಲ್ಲಿ ಏಳಲೇ ಇಲ್ಲ. ಶ್ರಾವಣ ಕಳೆಯುವವರೆಗೆ ನೋಡಿ, ಆಮೇಲೆ ಮತ್ತೆ ಯಾವುದಾದರೂ ಹೋಟೆಲಿಗೆ ಕೆಲಸಕ್ಕೆ ಸೇರುವುದು ಎಂದು ಅವಳು ಗಂಡನಿಗೆ ಹೇಳುತ್ತಿದ್ದುದು ಆದಿಲಕ್ಷ್ಮಮ್ಮನ ಕಿವಿಗೆ ಬಿತ್ತು. ಸೊಸೆ ಎರಡು ಮಾತು ಬೈದಿದ್ದರೆ ಚೆನ್ನಾಗಿತ್ತು, ತಾನೂ ನಾಲ್ಕು ಬೈದು ಹಗುರಾಗಬಹುದಿತ್ತು. ಬೈಯದೆ ಊದಿದ ಕೈಗೆ ಎಣ್ಣೆ ಹಚ್ಚಿಕೊಳ್ಳುವವಳನ್ನು ಏನು ಮಾಡುವುದು? ಆಕೆಗೆ ಅನ್ನ ಸೇರದಾಯಿತು. ಮೂತಿ ಸರಿಹೋಗಬೇಕು. ಅದನ್ನು ಕೆಡಿಸಿದ್ದು ಆದಿಲಕ್ಷ್ಮಮ್ಮನ ಕೈ ಎಂಬುದು ಮಾತ್ರ ಯಾರ ಬಾಯಲ್ಲೂ ಬರಬಾರದು. ಆಕೆಗೆ ಇದ್ದ ಆಸ್ತಿ ಆ ಕೈಯ ಹೆಸರೊಂದೇ.

ಛತ್ರದಲ್ಲಿ ಜೊತೆಗೆ ಪಾತ್ರೆ ತೊಳೆಯುತ್ತಿದ್ದ ನರಸಮ್ಮ ಉರಿಗಾಂನ ಕುಪ್ಪುಸ್ವಾಮಿಯ ಹೆಸರು ಹೇಳಿದಳು. ಚಿನ್ನದ ಗಣಿಯಲ್ಲಿ ಯಂತ್ರ ಜೋಡಿಸುವ ಫಿಟ್ಟರ್ ಆಗಿದ್ದವನು, ಗಣಿ ಮುಚ್ಚಿದ ಮೇಲೆ ಕಾರ್ಮಿಕರ ಲೈನ್ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಮಿಕ್ಸಿ, ತಕ್ಕಡಿ ರಿಪೇರಿ ಮಾಡುತ್ತಾನೆ, ಅವನ ಕೈಗೆ ಹೋದ ಕಬ್ಬಿಣ ಸತ್ತಿದ್ದರೂ ಏಳುತ್ತದೆ ಎಂದು. ಗುರುವಾರ ಕವಿತ ಅತ್ತ ಬೆಂಗಳೂರಿನ ರೈಲು ಹತ್ತಿದ ಮೇಲೆ ಆದಿಲಕ್ಷ್ಮಮ್ಮ ಸ್ಟೂಲು ಹಾಕಿ ಮೂತಿಯನ್ನು ಇಳಿಸಿದಳು. ಅದೇ ಸೀರೆಯ ತುಂಡಿನಲ್ಲಿ ರಾಗಿ ಅಳೆಯುವ ಸೇರನ್ನು ಸುತ್ತಿ ಅದರ ಜಾಗದಲ್ಲಿ ಮಲಗಿಸಿದಳು. ಮೂತಿಯನ್ನು ಬುಟ್ಟಿಯಲ್ಲಿಟ್ಟು, ಮೇಲೆ ಸೊಪ್ಪು ಮುಚ್ಚಿ, ಇತ್ತ ಮಾರಿಕುಪ್ಪಂ ರೈಲು ಹತ್ತಿದಳು. ಉರಿಗಾಂವರೆಗೆ ಇಬ್ಬರು ಸೊಪ್ಪಿನ ಬೆಲೆ ಕೇಳಿದರು.

ಕುಪ್ಪುಸ್ವಾಮಿಗೆ ಎಪ್ಪತ್ತು ದಾಟಿತ್ತು. ಅವನ ಮಾತು ಕನ್ನಡದಲ್ಲಿ ಹತ್ತಿ ತಮಿಳಿನಲ್ಲಿ ಇಳಿಯುತ್ತಿತ್ತು. ಅವನು ಮೂತಿಯ ಪಕ್ಕದ ತಗಡು ಬಿಚ್ಚಿ, ಒಳಗೆ ಟಾರ್ಚು ಬಿಟ್ಟು ನೋಡಿದ.

"ತಣ್ಣಿ ಊತ್ತಿದ್ದು ಯಾರಮ್ಮಾ ಇದಕ್ಕೆ?"

ನೀರು ಸುರಿದದ್ದು ಯಾರೆಂದು ಮೂತಿಯ ಒಳಗೆ ಬರೆದಿದೆಯೇನೋ ಎಂಬಂತೆ ಆದಿಲಕ್ಷ್ಮಮ್ಮ ಬಗ್ಗಿ ನೋಡಿದಳು. ಬರೆದಿರಲಿಲ್ಲ.

"ನಮ್ ಸೊಸೆ," ಎಂದಳು.

ಆ ಮಾತು ಆಕೆಯನ್ನು ಕೇಳದೆ ಹೊರಬಿದ್ದಿತ್ತು. ಬಿದ್ದ ಮೇಲೆ ಅದಕ್ಕೆ ಕೈಕಾಲು ಕೊಡುವುದೇನೂ ಕಷ್ಟವಾಗಲಿಲ್ಲ.

"ಈಗಿನ್ ಕಾಲದ್ ಉಡ್ಗೀರು ಅಣ್ಣ. ಏನ್ ಕಂಡ್ರೂ ತೊಳ್ದ್ ಬಿಡ್ತಾರೆ. ನಾನು ಬ್ಯಾಡ ಬ್ಯಾಡ ಅಂತ ಬಡ್ಕೊಂಡೆ."

"ಬುದ್ಧಿ ಇಲ್ಲ," ಎಂದ ಕುಪ್ಪುಸ್ವಾಮಿ. "ಒಳಗೆ ಉದುರಿದ ಇಟ್ಟು ಇರ್ತದೆ. ಇಟ್ಟಿಗೆ ತಣ್ಣಿ ಬಿದ್ರೆ ಗೋಂದು. ಗೋಂದು ಒಣಗಿದ್ರೆ ಕಲ್ಲು. ಹಲ್ಲಿನ ಚಕ್ರ ಎಂಗೆ ತಿರುಗುತ್ತೆ? ಮೇಲಿಂದ ತುಕ್ಕು ಬೇರೆ. ನಿನ್ ಸೊಸೆಗೆ ಹೇಳು."

"ಏಳ್ತೀನಿ," ಎಂದಳು. ಆದರೂ ಆಕೆಯೊಳಗಿನ ನ್ಯಾಯ ಸುಮ್ಮನಿರಲಿಲ್ಲ. "ಅಂಗಂತ ತೊಳೀದೆ ಇಟ್ರೆ ಮುಸುರೆ ಅಲ್ವಾ ಅಣ್ಣ?"

"ನಿಮ್ ಮನೇಲಿ ರಾಗಿಕಲ್ಲು ಇತ್ತಾ?"

"ಇಲ್ದೆ ಇರ್ತದಾ?"

"ಅದನ್ನ ಎಷ್ಟು ದಪ ತೊಳ್ದಿದ್ದೀಯಮ್ಮಾ?"

ಆದಿಲಕ್ಷ್ಮಮ್ಮ ಬುಟ್ಟಿಯ ಸೊಪ್ಪನ್ನು ಸರಿಮಾಡತೊಡಗಿದಳು. ಒಂದು ದಫ ತೊಳೆದಿದ್ದಳು. ಮದುವೆಯಾಗಿ ಬಂದು ತಿಂಗಳಾಗಿತ್ತು, ಅತ್ತೆಯಿಂದ ಭೇಷ್ ಅನ್ನಿಸಿಕೊಳ್ಳಬೇಕೆಂದು ನಾಲ್ಕು ಕೊಡ ನೀರು ಹೊಯ್ದು ಕಲ್ಲನ್ನು ತಿಕ್ಕಿದ್ದಳು. ಮರುದಿನ ಹಿಟ್ಟು ಕಲ್ಲಿನ ನಡುವೆ ಮೆತ್ತಿ ಕೂತಿತು. ಅತ್ತೆ ಬೈಯಲಿಲ್ಲ. ಬೀದಿಯ ಹೆಂಗಸರನ್ನೆಲ್ಲ ಕರೆಸಿ, ಸೊಸೆಯನ್ನು ಕಲ್ಲಿನ ಪಕ್ಕ ನಿಲ್ಲಿಸಿ, ಇಬ್ಬರನ್ನೂ ತೋರಿಸಿದಳು. ಎಲ್ಲರೂ ನೋಡಿ ನಕ್ಕು ಹೋದರು. ಐದಾರು ವರ್ಷ ಆಕೆಗೆ ‘ಕಲ್ಲು ತೊಳೆದೋಳು’ ಎಂದೇ ಹೆಸರಿತ್ತು. ಅಲ್ಲಿಂದಾಚೆಗೆ ಆ ಕಲ್ಲು ನೀರು ಕಾಣಲಿಲ್ಲ. ಒಂದು ಹಿಡಿ ರಾಗಿ ಹಾಕಿ ತಿರುವಿ, ಅದನ್ನು ಕೋಳಿಗೆ ಚೆಲ್ಲಿ, ಮೋಟು ಪೊರಕೆಯಿಂದ ಗುಡಿಸಿ ಬೀಸಲು ಕೂರುತ್ತಿದ್ದಳು. ಅದನ್ನು ಯಾರೂ ಮುಸುರೆ ಎನ್ನಲಿಲ್ಲ. ಆಕೆಗೂ ಅನ್ನಿಸಿರಲಿಲ್ಲ.

"ಇದೂ ಕಲ್ಲೇ," ಎಂದ ಕುಪ್ಪುಸ್ವಾಮಿ. "ಒಂದು ಗಟ್ಟಿ ಇಟ್ಟಿನ ಉಂಡೆ ಒಳಗೆ ಬಿಡು. ಕಸ ಎಲ್ಲಾ ಹಿಡ್ಕೊಂಡು ಬತ್ತದೆ. ಅದನ್ನ ಬಿಸಾಕು. ಆಮೇಲೆ ಬ್ರಷ್ಷು. ಇಷ್ಟು ಅರ್ಥ ಆಗಲ್ವಾ ಆ ಹುಡುಗಿಗೆ?"

"ಚಿಕ್ಕೋಳು," ಎಂದಳು ಆದಿಲಕ್ಷ್ಮಮ್ಮ, ದೊಡ್ಡ ಮನಸ್ಸು ಮಾಡಿ.

ತುಕ್ಕು ತೆಗೆದು, ಗೋಂದು ಕೆರೆದು, ಎಣ್ಣೆ ಕೊಡಲು ನಾಲ್ಕು ದಿನ ಬೇಕೆಂದ. ಆದರೆ ದೊಡ್ಡ ಮಿಷನ್ನಿಗೆ ಸಿಕ್ಕಿಸಿ ಓಡಿಸಿ ನೋಡದೆ ಕೆಲಸ ಮುಗಿಯಿತು ಎನ್ನುವ ಜಾತಿಯವನಲ್ಲ ಅವನು. ಮಂಗಳವಾರ ತಾನೇ ಬಂಗಾರಪೇಟೆಗೆ ಬರುತ್ತೇನೆಂದ. ಬೇಡ, ನಾನೇ ಬಂದು ಒಯ್ಯುತ್ತೇನೆ ಎಂದು ಆಕೆ ಮೂರು ಸಲ ಹೇಳಿದಳು. ಅವನು ಮೂರು ಸಲವೂ ವಿಳಾಸ ಕೇಳಿದ. ಕೊನೆಗೆ ಆಕೆ ಮನಸ್ಸಿನಲ್ಲೇ ಗುಣಿಸಿದಳು. ಕವಿತ ಬರುವುದು ಒಂದು ಗಂಟೆಗೆ. ಹತ್ತಕ್ಕೆ ಬಾ ಎಂದರೆ ಹನ್ನೊಂದಕ್ಕೆ ಕಳಿಸಬಹುದು.

ಕವಿತಳಿಗೆ ಉಳಿದದ್ದು ಒಂದೇ ಹೋಟೆಲು, ಮತ್ತು ಆ ಹೋಟೆಲಿಗೆ ಮಂಗಳವಾರ ರಜೆ. ಇದು ಆದಿಲಕ್ಷ್ಮಮ್ಮನಿಗೆ ತಿಳಿದದ್ದು ಮಂಗಳವಾರ ಬೆಳಿಗ್ಗೆ, ಒಂಬತ್ತಾದರೂ ಸೊಸೆ ಮನೆಯಲ್ಲೇ ಅಲಸಂದೆಕಾಯಿ ಸುಲಿಯುತ್ತ ಕೂತಾಗ. ಪೇಟೆಯಿಂದ ಹಸಿಮೆಣಸಿನಕಾಯಿ ತಾ ಎಂದಳು. ಇದೆ ಎಂದಳು ಕವಿತ. ನರಸಮ್ಮನನ್ನು ನೋಡಿಕೊಂಡು ಬಾ, ಅವಳಿಗೆ ಹುಷಾರಿಲ್ಲ ಎಂದಳು. ನರಸಮ್ಮ ಅದೇ ಹೊತ್ತಿಗೆ ಬೀದಿಯಲ್ಲಿ ಯಾರೊಡನೆಯೋ ಗಂಟಲು ಬಿಚ್ಚಿ ಜಗಳವಾಡುತ್ತ ಹೋಗುವುದು ಕೇಳಿಸಿತು. ಹತ್ತಕ್ಕೆ ಸರಿಯಾಗಿ ಬಾಗಿಲು ಬಡಿದ ಸದ್ದಾಯಿತು. ಗಣಿಯಲ್ಲಿ ಪಾಳಿ ಮಾಡಿದವರು ಹೊತ್ತು ತಪ್ಪುವುದಿಲ್ಲ.

ಕವಿತ ಬಾಗಿಲು ತೆರೆದಳು. ಕುಪ್ಪುಸ್ವಾಮಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಸೊಸೆ ನೀನೇನಾ?"

"ಊಂ ತಾತ. ನೀವ್ಯಾರು?"

ಅವನು ಚೀಲದಿಂದ ಮೂತಿಯನ್ನು ತೆಗೆದು ಅವಳ ಮುಂದೆ ಹಿಡಿದ. "ಇದಕ್ಕೆ ತಣ್ಣಿ ಊತ್ತಿದ್ದು ನೀನೇನಾ?"

ಕವಿತ ಮೂತಿಯನ್ನು ನೋಡಿದಳು. ಅಟ್ಟದ ಮೇಲಿನ ಗಂಟನ್ನು ನೋಡಿದಳು. ಆಮೇಲೆ ತಿರುಗಿ ಅತ್ತೆಯನ್ನು ನೋಡಿದಳು. ಆದಿಲಕ್ಷ್ಮಮ್ಮನಿಗೆ ಆ ಕ್ಷಣಕ್ಕೆ ತೊಳೆಯಲು ಏನಾದರೂ ಬೇಕಿತ್ತು. ಮನೆಯಲ್ಲಿ ಎಲ್ಲವೂ ತೊಳೆದಾಗಿತ್ತು.

"ಊಂ ತಾತ," ಎಂದಳು ಕವಿತ. "ನಾನೇ."

ಕುಪ್ಪುಸ್ವಾಮಿ ಒಳಗೆ ಬಂದು ಕೂತ. ಮೂತಿಯನ್ನು ಮಿಷನ್ನಿಗೆ ಸಿಕ್ಕಿಸಿ, ಹಿಟ್ಟು ಕಲಸಲು ಹೇಳಿ, ಕಲಸುವಷ್ಟೂ ಹೊತ್ತು ಬುದ್ಧಿ ಹೇಳಿದ. ನೀರು ಸೋಕಿಸಬಾರದು. ಒಣಗಿದ ಮೇಲೆಯೇ ಬ್ರಷ್ಷು. ಚಾಕು ತೂರಿಸಬಾರದು, ಉರುಳೆಗೆ ಗೀರು ಬೀಳುತ್ತದೆ. ಬಟ್ಟೆ ಬಿಡಬಾರದು, ಸಿಕ್ಕಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಎರಡು ತುದಿಗೂ ಒಂದೊಂದೇ ತೊಟ್ಟು ಎಣ್ಣೆ, ಉರುಳೆಗೆ ಬೀಳದ ಹಾಗೆ. ಇವನ್ನೆಲ್ಲ ಹದಿನಾಲ್ಕು ತಿಂಗಳು ತಪ್ಪದೆ ಪಾಲಿಸಿದ್ದ ಕವಿತ ಒಂದೊಂದಕ್ಕೂ ‘ಊಂ ತಾತ’ ಎಂದಳು. ಈಗಿನ ಹುಡುಗಿಯರು ಓದಿಯೂ ಪ್ರಯೋಜನವಿಲ್ಲ ಎಂದ. ಅದಕ್ಕೂ ‘ಊಂ’ ಎಂದಳು. ಮೊದಲ ಉಂಡೆ ಕೊಳೆ ಹಿಡಿದು ಬಂತು, ಬಿಸಾಕಿದರು. ಎರಡನೆಯದು ಒಗೆದ ಪಂಚೆಯ ಹಾಗೆ ಚೊಕ್ಕವಾಗಿ ಇಳಿಯಿತು.

ಆದಿಲಕ್ಷ್ಮಮ್ಮ ಗೋಡೆಗೊರಗಿ ನಿಂತಿದ್ದಳು. ಮೂತಿ ಓಡುತ್ತಿತ್ತು, ಹೆಸರು ಉಳಿದಿತ್ತು. ತಾನು ಬೇಡಿಕೊಂಡದ್ದೆಲ್ಲ ಆಗಿತ್ತು. ಆದರೆ ಸೊಸೆಯ ಒಂದೊಂದು ‘ಊಂ’ಗೂ ಆಕೆಯ ತಲೆ ಇನ್ನಷ್ಟು ತಗ್ಗುತ್ತಿತ್ತು. ರಾಗಿಕಲ್ಲಿನ ಪಕ್ಕ ನಿಂತ ದಿನವೂ ಆಕೆಗೆ ಇಷ್ಟು ನಾಚಿಕೆ ಆಗಿರಲಿಲ್ಲ.

ಕುಪ್ಪುಸ್ವಾಮಿ ಕೈ ಒರೆಸಿಕೊಂಡ. "ನಿಮ್ಮತ್ತೆ ಈ ವಯಸ್ಸಲ್ಲಿ ಮಂಡಿ ನೋವು ಇಟ್ಕೊಂಡು, ಇದನ್ನ ಹೊತ್ಕೊಂಡು ಉರಿಗಾಂಗೆ ಬಂದ್ರು. ನೀನು ಕೆಡಿಸಿದ್ದಕ್ಕೆ ಅವರು ಓಡಾಡಿದ್ರು. ಮೊದ್ಲು ಕಾಲಿಗೆ ಬಿದ್ದು ತಪ್ಪಾಯ್ತು ಅನ್ನು."

ಕವಿತ ಹಿಟ್ಟಿನ ಕೈ ಒರೆಸಿಕೊಂಡು ಎದ್ದಳು. ಅತ್ತೆಯ ಹತ್ತಿರ ಬಂದು, ಸೆರಗು ಸರಿಮಾಡಿಕೊಂಡು ಬಗ್ಗಿದಳು.

ಆದಿಲಕ್ಷ್ಮಮ್ಮ ಎರಡೂ ಕೈಯಿಂದ ಅವಳ ಭುಜ ಹಿಡಿದಳು. "ಬ್ಯಾಡ ಕಣಮ್ಮ. ಮ್ಯಾಕ್ಕೇಳು." ಆಮೇಲೆ ಕುಪ್ಪುಸ್ವಾಮಿಯ ಕಡೆ ತಿರುಗಿದಳು. "ಅಣ್ಣ, ಅದನ್ನ ತೊಳ್ದಿದ್ದು ನಾನು. ಬಿಸಿನೀರಲ್ಲಿ ನೆನೆಯಾಕಿ, ಸೀಗೆಪುಡಿ ಆಕಿ, ನಾರಲ್ಲಿ ಉಜ್ದೆ. ಇವಳು ಊರಲ್ಲೇ ಇರ್ಲಿಲ್ಲ. ಬ್ಯಾಡ ಅಂದಿದ್ದು ಇವಳು. ಕೇಳ್ದೆ ಇದ್ದಿದ್ದು ನಾನು."

ಕುಪ್ಪುಸ್ವಾಮಿ ಕನ್ನಡಕ ತೆಗೆದ. ಅತ್ತೆಯನ್ನು ನೋಡಿದ, ಸೊಸೆಯನ್ನು ನೋಡಿದ, ಕನ್ನಡಕ ಹಾಕಿಕೊಂಡ.

"ಅಂಗಾದ್ರೆ ನಾನು ಇಷ್ಟೊತ್ತು ಹೇಳಿದ್ದೆಲ್ಲ ಬೇರೆಯೋರಿಗೆ," ಎಂದ. "ಕೂತ್ಕೊಳ್ಳಮ್ಮಾ. ಮೊದಲಿಂದ ಹೇಳ್ತೀನಿ."

ಮೊದಲಿನಿಂದ ಹೇಳಿದ. ಒಂದನ್ನೂ ಬಿಡಲಿಲ್ಲ. ಆಮೇಲೆ ಕಾಫಿ ಕುಡಿದು ಹನ್ನೆರಡರ ರೈಲಿಗೆ ಹೊರಟುಹೋದ.

ಮನೆಯಲ್ಲಿ ಇಬ್ಬರೇ ಉಳಿದರು. ಕವಿತ ಹಾಳೆಗಳನ್ನು ಕತ್ತರಿಸಿ ಕೋಲಿನ ಮೇಲೆ ಹರವುತ್ತಿದ್ದಳು.

"ನಾನೇ ಅಂತ ನಿಂಗೆ ಗೊತ್ತಿತ್ತಾ?" ಎಂದು ಕೇಳಿದಳು ಆದಿಲಕ್ಷ್ಮಮ್ಮ.

"ಅವತ್ತೇ ಗೊತ್ತಾಯ್ತು ಅತ್ತೆ. ಮೂತಿಯೆಲ್ಲ ಸೀಗೆಪುಡಿ ವಾಸ್ನೆ."

"ಮತ್ತೆ ಆ ಅಣ್ಣನ ಮುಂದೆ ಯಾಕಮ್ಮ ಊಂ ಅಂದೆ?"

ಕವಿತ ತಲೆ ಎತ್ತಲಿಲ್ಲ. "ಬಂದೋರ ಮುಂದೆ ನಿಮ್ಮನ್ನ ಬಿಟ್ಟುಕೊಡಕ್ಕಾಗ್ತದಾ ಅತ್ತೆ?"

ಆದಿಲಕ್ಷ್ಮಮ್ಮ ಕೂತಲ್ಲೇ ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಳು.

"ನಾನು ಬಿಟ್ಟುಕೊಟ್ಟಿದ್ನಲ್ಲಮ್ಮ ನಿನ್ನ," ಎಂದಳು.

ಕವಿತ ಕತ್ತರಿಸುವುದನ್ನು ನಿಲ್ಲಿಸಿದಳು. ಅತ್ತೆ ಅಳುತ್ತಿದ್ದಳು, ಸದ್ದಿಲ್ಲದೆ, ಕಣ್ಣು ಒರೆಸಿಕೊಳ್ಳದೆ. ಕವಿತ ಎದ್ದು ಮಿಷನ್ನಿನಿಂದ ಮೂತಿ ಬಿಚ್ಚಿದಳು. ಪಕ್ಕದಲ್ಲಿ ಬಂದು ಕೂತು ಅದನ್ನು ಇಬ್ಬರ ನಡುವೆ ಬಟ್ಟೆಯ ಮೇಲಿಟ್ಟಳು.

"ಇನ್ನೊಂದು ಗಂಟೆ ಒಣಗ್ಬೇಕು ಅತ್ತೆ," ಎಂದಳು. "ಅಲ್ಲೀವರ್ಗೂ ಇಬ್ರೂ ಕೂತಿರೋಣ."